ಕೇಳುವುದೂ ದಾಸೋಹ

ಗದಗಿನ ವೀರೇಶ್ವರ ಪುಣ್ಯಾಶ್ರಮವು ಅರಮನೆಯ ಆಸರೆಯಲ್ಲಿ ಬೆಳೆದುದಲ್ಲ. ಭಕ್ತರ ಕಾಳು-ಕಾಸಿನಿಂದ ಬೆಳೆದುದು. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಗೆ ಪಾತ್ರರಾದ ಪಂಚಾಕ್ಷರ ಗವಾಯಿಗಳು (1892–1944) ಅಂಧ, ಅನಾಥ ಬಾಲಕರನ್ನು ಕಟ್ಟಿಕೊಂಡು ಊರೂರು ತಿರುಗಿ ಸಂಗೀತವಿದ್ಯೆಯನ್ನು ಧಾರೆಯೆರೆದರು. ತರುವಾಯ ಪುಟ್ಟರಾಜ ಗವಾಯಿಗಳು (1914–2010) ನಾಟಕ ಕಂಪನಿಯ ಗಳಿಕೆಯನ್ನೂ ತುಲಾಭಾರದ ಕಾಣಿಕೆಯನ್ನೂ ಆಶ್ರಮದ ಮಕ್ಕಳಿಗೇ ಸಮರ್ಪಿಸಿದರು. ಬಸವರಾಜ ರಾಜಗುರುಗಳಂಥ ಗಾಯಕರು ಈ ಪರಂಪರೆಯ ಫಲ.

ಇಷ್ಟು ಕೊಟ್ಟ ಸಮಾಜದಲ್ಲಿ ಕೊರತೆ ಯಾವುದು? ಕೇಳುವ ತಾಳ್ಮೆ. ಜಾತ್ರೆಯ ವೇದಿಕೆಯಲ್ಲಿ ಕಿರಿಯರ ವಾದ್ಯವೃಂದಕ್ಕೆ ದೊರೆಯುವುದು ಗಣ್ಯರು ಆಗಮಿಸುವವರೆಗಿನ ಬಿಡುವು ಮಾತ್ರ. ತಬಲಾ-ಪಿಟೀಲುಗಳು ಶ್ರುತಿಗೂಡುವಷ್ಟರಲ್ಲಿ ಧ್ವನಿವರ್ಧಕವು ಸ್ವಾಗತ ಭಾಷಣದ ಪಾಲಾಗುತ್ತದೆ. ಆಲಾಪವು ಅರ್ಧಕ್ಕೇ ನಿಲ್ಲುತ್ತದೆ; ನಾವು ಶಾಲು ಹೊದಿಸಿ ಕೃತಾರ್ಥರಾದೆವೆಂದು ಬಗೆಯುತ್ತೇವೆ. ಹೀಗೆ ಬೆಳೆದ ಮಗು ಚಪ್ಪಾಳೆಗಾಗಿ ನುಡಿಸಲು ಕಲಿತೀತೇ ಹೊರತು ಸ್ವರಕ್ಕಾಗಿ ಕಾಯಲು ಕಲಿಯದು.

ನುಡಿಸುವುದು ಮಕ್ಕಳ ಕಾಯಕವಾದರೆ ಆಲಿಸುವುದು ನಮ್ಮ ದಾಸೋಹ. ಮುಂದಿನ ಜಾತ್ರೆಯಲ್ಲಿ ಭಾಷಣವೊಂದನ್ನು ಕಡಿಮೆ ಮಾಡಿ ಆ ಹೊತ್ತನ್ನು ಅವರಿಗೆ ಬಿಟ್ಟುಕೊಡೋಣ. ತಪ್ಪಿದಲ್ಲಿ ಬಲ್ಲವರು ತಿದ್ದಿ ಹೇಳಲಿ. ಹುಸಿ ಹೊಗಳಿಕೆಗಿಂತ ಎಚ್ಚರದ ಕಿವಿಯೇ ಮಿಗಿಲಾದ ಕಾಣಿಕೆ.