ದಾಳ ಮುಚ್ಚಿಡಬೇಡಿ ಸ್ವಾಮಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬ ಕತೆ ನಡೆಸ್ತಾನೆ, ಉಳಿದ ನಾಲ್ಕೈದು ಜನ ಒಂದೊಂದು ಪಾತ್ರ ಹಿಡಿದು ಕೂರ್ತಾರೆ. ಕತ್ತಿ ಬೀಸಿದರೆ ತಗುಲಿತೋ ಇಲ್ಲವೋ ಅನ್ನೋದನ್ನು ಇಪ್ಪತ್ತು ಮುಖದ ದಾಳ ಹೇಳುತ್ತೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟ. ಈಗ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಭಾನುವಾರ ಮಧ್ಯಾಹ್ನ ನಮ್ಮಂಥವರು ಆಡ್ತೀವಿ.

ಆಟ ನಡೆಸುವವನಿಗೆಂದೇ ಇರುವ ಕೈಪಿಡಿ ಡಂಜನ್ ಮಾಸ್ಟರ್ಸ್ ಗೈಡ್. ಅದರ 2014ರ ಆವೃತ್ತಿ ಬಹುಪಾಲು ಒಳ್ಳೆಯ ಪುಸ್ತಕವೇ. ನಿಯಮಕ್ಕೆ ಹೆದರಬೇಡಿ, ನಿಮ್ಮ ಗುಂಪಿಗೆ ಒಗ್ಗುವಂತೆ ಬದಲಿಸಿಕೊಳ್ಳಿ ಅಂತ ಧೈರ್ಯ ಕೊಡುತ್ತೆ. ನನ್ನ ತಕರಾರು ಒಂದೇ ಸಲಹೆಯ ಬಗ್ಗೆ: ಪರದೆಯ ಹಿಂದೆ ದಾಳ ಹಾಕಿದರೆ ಬಿದ್ದದ್ದನ್ನು ಬದಲಿಸಿ ಹೇಳಬಹುದು, ಪದೇ ಪದೇ ಬೇಡ, ಆಟಗಾರರಿಗೆ ಗೊತ್ತಾಗಲೂ ಬಾರದು ಅನ್ನುತ್ತೆ.

ಗೊತ್ತಾಗಬಾರದು ಅನ್ನೋದೇ ಎಡವಟ್ಟು. ಮನೆಗೊಂದು ನಿಯಮ ಇರೋದು ನಮಗೇನು ಹೊಸದಲ್ಲ. ಹೊಸದುರ್ಗದ ಕಡೆ ಹಳ್ಳಿಯಲ್ಲಿ ಚೌಕಾಬಾರ ಆಡಿ ಬೆಳೆದವನು ನಾನು. ಒಂದು ಮನೆಯಲ್ಲಿ ಎದುರಾಳಿಯ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ, ಪಕ್ಕದ ಮನೆಯಲ್ಲಿ ಹೋಗಬಹುದು. ಕವಡೆ ಇಲ್ಲದಿದ್ದರೆ ತೇದ ಹುಣಸೆಬೀಜವೂ ನಡೆಯುತ್ತೆ. ಆದರೆ ಎಲ್ಲವೂ ಮೊದಲ ಕವಡೆ ಬೀಳುವ ಮುಂಚೆ ತೀರ್ಮಾನ ಆಗಬೇಕು, ಕವಡೆ ಎಲ್ಲರ ಕಣ್ಣೆದುರು ಬೀಳಬೇಕು. ದಾಳವನ್ನು ತನಗೆ ಬೇಕಾದಂತೆ ಬೀಳಿಸುವವನಿಗೆ ನಮ್ಮಲ್ಲಿ ಬೇರೆಯೇ ಹೆಸರಿದೆ: ಶಕುನಿ.

ಬಹಿರಂಗವಾಗಿ ಮಾಡಿದ ಮನೆನಿಯಮ ಎಷ್ಟು ದೂರ ಹೋಗಬಹುದು ನೋಡಿ. 2014ರ ನಿಯಮದಲ್ಲಿ ಗಾಯ ವಾಸಿಯಾಗುವ ಮದ್ದು ಕುಡಿದರೆ ಆ ಸರದಿಯ ಮುಖ್ಯ ಕ್ರಿಯೆಯೇ ಖರ್ಚು. ಯುದ್ಧದ ನಡುವೆ ಬಾಟಲಿ ಎತ್ತಿದವನು ಕತ್ತಿ ಬೀಸುವ ಹಾಗಿಲ್ಲ. ಇದು ಬೇಜಾರು ಅಂತ ಎಷ್ಟೋ ಗುಂಪುಗಳು ಅದನ್ನು ಚಿಕ್ಕ ಕ್ರಿಯೆ ಮಾಡಿಕೊಂಡವು. 2024ರ ಪರಿಷ್ಕೃತ ನಿಯಮದಲ್ಲಿ ಅದೇ ಅಧಿಕೃತ. ಗುಟ್ಟಾಗಿ ಬದಲಿಸಿದ ಅಂಕಿಗೆ ಆ ಭಾಗ್ಯ ಇಲ್ಲ.

ಕರುಣೆಯಿಂದ ತಾನೇ ಬದಲಿಸೋದು ಅಂತೀರಾ? ನಮ್ಮ ಗುಂಪಿನ ಗೆಳತಿಯೊಬ್ಬಳು ಎಂಟು ತಿಂಗಳು ಆಡಿಸಿದ ಪಾತ್ರ ಒಂದು ಸೇತುವೆ ಮೇಲೆ ಸತ್ತಿತು. ರಾಕ್ಷಸನ ಏಟಿಗೆ ಎಲ್ಲರೆದುರು ಹಾಕಿದ ದಾಳದಲ್ಲಿ 19 ಬಿತ್ತು. ಜೀವ ಉಳಿಸಿಕೊಳ್ಳಲು 10 ಬೇಕಿತ್ತು; ಅವಳೇ ಹಾಕಿದ ಮೂರು ದಾಳವೂ ಕೈಕೊಟ್ಟವು. ಅವಳು ಅತ್ತಳು, ನಿಜ. ಆದರೆ ಉಳಿದವರು ಸೇತುವೆ ದಾಟಿದ್ದು ಅವಳ ಪಾತ್ರ ತಡೆದು ನಿಂತದ್ದರಿಂದ, ಅದನ್ನು ಯಾರೂ ಅನುಮಾನಿಸಲಿಲ್ಲ. ಪರದೆ ಹಿಂದಿನ ಕರುಣೆ ಒಮ್ಮೆ ಬಯಲಾದರೆ ಹಿಂದಿನ ಗೆಲುವುಗಳೆಲ್ಲ ದಾನದಂತೆ ಕಾಣ್ತವೆ.

ಹೊಸಬರು ಮೊದಲ ಗಂಟೆಯಲ್ಲೇ ಸಾಯಬಾರದು ಅನ್ನೋದು ನ್ಯಾಯವೇ. ಹಾಗಿದ್ದರೆ ಕೂತ ತಕ್ಷಣ ಹೇಳಿಬಿಡಿ: ‘ನಮ್ಮ ಮನೇಲಿ ಸೋತವರು ಸಾಯಲ್ಲ, ಸೆರೆ ಸಿಗ್ತಾರೆ.’ ಶತ್ರು ಓಡಿಹೋಗಲಿ, ಒತ್ತೆಹಣ ಕೇಳಲಿ, ಕತೆಗೇನು ಬರವೇ? ಇನ್ನು ಬಿದ್ದದ್ದನ್ನು ಒಪ್ಪೋ ಮನಸ್ಸಿಲ್ಲದ ಕಡೆ ದಾಳವನ್ನೇ ಎತ್ತಬೇಡಿ.