ಸಾರಿನ ಉಪ್ಪು ಹದವಾಗಿದ್ದಾಗ

ಸ್ಕೈರಿಮ್ ಎಂಬ ವಿಡಿಯೊ ಗೇಮ್ ಬಿಡುಗಡೆಯಾದದ್ದು 2011ರ ನವೆಂಬರಿನಲ್ಲಿ. ಇಷ್ಟು ವರ್ಷ ಕಳೆದರೂ ಆ ಆಟಕ್ಕೆ ವಯಸ್ಸಾಗದಿರಲು ಅದನ್ನು ತಯಾರಿಸಿದ ಬೆಥೆಸ್ಡಾ ಕಂಪನಿ ಎಷ್ಟು ಕಾರಣವೋ, ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ಕೂತು ಅದನ್ನು ತಿದ್ದುತ್ತ, ಬೆಳೆಸುತ್ತ ಬಂದ ಹವ್ಯಾಸಿ ಮಾಡರ್‌ಗಳೂ ಅಷ್ಟೇ ಕಾರಣ. ಅವರು ಮಾಡಿದ ಮಾಡ್‌ಗಳನ್ನು ಲೋಕವೇ ಇಳಿಸಿಕೊಂಡು ಆಡುತ್ತದೆ. ಆದರೆ ಯಾವ ಮಾಡ್‌ನ ಪುಟ ತೆರೆದರೂ ಎರಡು ಅಂಕಿಗಳು ಅಕ್ಕಪಕ್ಕದಲ್ಲಿ ಕಾಣಿಸುತ್ತವೆ. ಒಂದು ಡೌನ್‌ಲೋಡ್‌ಗಳದ್ದು, ಇನ್ನೊಂದು ಮೆಚ್ಚುಗೆಯದ್ದು. ಎರಡನೆಯದು ಮೊದಲನೆಯದರ ಒಂದು ಸಣ್ಣ ಪಾಲು. ಬಳಕೆದಾರರಿಗೆ ಕೃತಜ್ಞತೆಯಿಲ್ಲ ಎಂದು ಇದನ್ನು ಓದುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಮೆಚ್ಚುಗೆ ಕಡಿಮೆಯಾದದ್ದಕ್ಕಿಂತ ಅದು ಹಂಚಿಕೆಯಾಗುವ ರೀತಿಯೇ ನನ್ನನ್ನು ಹೆಚ್ಚು ಕಾಡುತ್ತದೆ. ಕೆಲಸ ಎಷ್ಟು ಚೆನ್ನಾಗಿ ಕೂತುಕೊಂಡು ಕಣ್ಣಿಗೆ ಕಾಣದಂತಾಗುತ್ತದೋ, ಅಷ್ಟು ಕಡಿಮೆ ಲೈಕ್ ಅದಕ್ಕೆ ಸಿಗುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸ್ಕೈರಿಮ್‌ನ ಪಾತ್ರಗಳು ನೆಲವನ್ನು ನಾವು ನೋಡುವಂತೆ ನೋಡುವುದಿಲ್ಲ. ನೆಲದ ಮೇಲೆ ಹಾಸಿರುವ, ಆಡುವವರಿಗೆ ಕಾಣದ ತ್ರಿಕೋನಗಳ ಬಲೆಯೊಂದಿದೆ. ಅದಕ್ಕೆ ನ್ಯಾವ್‌ಮೆಶ್ ಎನ್ನುತ್ತಾರೆ. ಪಾತ್ರಗಳು ದಾರಿ ಹುಡುಕುವುದು ಆ ಬಲೆಯ ಮೇಲೆಯೇ. ಒಬ್ಬ ಮಾಡರ್ ಹಳ್ಳಿಗೆ ಹೊಸ ಮನೆಯೊಂದನ್ನು ಸೇರಿಸುತ್ತಾನೆ, ಇನ್ನೊಬ್ಬಳು ಅದೇ ಜಾಗದಲ್ಲಿ ಮರಗಳನ್ನು ನೆಡುತ್ತಾಳೆ. ಎರಡನ್ನೂ ಒಟ್ಟಿಗೆ ಹಾಕಿಕೊಂಡರೆ, ಕೊನೆಗೆ ಲೋಡ್ ಆದ ಮಾಡ್‌ನ ಬಲೆ ಮೊದಲಿನದನ್ನು ಅಳಿಸಿಬಿಡಬಹುದು. ಆಗ ನಮ್ಮ ಹಿಂದೆಯೇ ಬರಬೇಕಾದ ಸಂಗಾತಿ ಹೊಸ ಮನೆಯ ಹೊಸ್ತಿಲ ಬಳಿ ಬಂದು ಮರದಂತೆ ನಿಂತುಬಿಡುತ್ತಾಳೆ. ಇದನ್ನು ಸರಿಪಡಿಸಲು ಮೂರನೆಯ ಮಾಡರ್ ಮಾಡ್ ತಯಾರಿಸುವ ಸಾಧನವಾದ ಕ್ರಿಯೇಷನ್ ಕಿಟ್ ತೆರೆದು, ಆ ಹೊಸ್ತಿಲ ಸುತ್ತ ತ್ರಿಕೋನಗಳನ್ನು ಒಂದೊಂದಾಗಿ ಕೂಡಿಸಿ, ಹೊಂದಾಣಿಕೆಯ ಪುಟ್ಟ ಪ್ಯಾಚ್ ಒಂದನ್ನು ಮಾಡುತ್ತಾನೆ. ಆಮೇಲೆ ಸಂಗಾತಿ ಸುಮ್ಮನೆ ಬಾಗಿಲು ದಾಟಿ ಒಳಗೆ ಬರುತ್ತಾಳೆ. ಬಾಗಿಲು ದಾಟಿದ್ದನ್ನು ಯಾರಾದರೂ ಗಮನಿಸುತ್ತಾರೆಯೇ? ಸಾರಿನಲ್ಲಿ ಉಪ್ಪು ಹದವಾಗಿದ್ದರೆ ಊಟಕ್ಕೆ ಕೂತವರು ಉಪ್ಪಿನ ಮಾತೆತ್ತುವುದಿಲ್ಲ. ಮನೆಗೂ ಮರಕ್ಕೂ ಸ್ಕ್ರೀನ್‌ಶಾಟ್ ಇದೆ, ಲೈಕ್ ಇದೆ. ಹೊಸ್ತಿಲ ಪ್ಯಾಚ್‌ಗೆ ತೋರಿಸಲು ಒಂದು ಚಿತ್ರವೂ ಇಲ್ಲ. ಆಟದ ಸಾವಿರಾರು ತಪ್ಪುಗಳನ್ನು ವರ್ಷಗಟ್ಟಲೆ ತಿದ್ದುತ್ತ ಬಂದ ಅನಧಿಕೃತ ಪ್ಯಾಚ್ ಹೆಸರುವಾಸಿಯಾಯಿತು, ಸರಿ. ಆದರೆ ಅದರ ಹಿಂದೆ ನಿಂತ ನೂರಾರು ಚಿಲ್ಲರೆ ಪ್ಯಾಚ್‌ಗಳ ಹೆಸರು ಹೇಳಿ ಎಂದರೆ ಪಳಗಿದ ಆಟಗಾರರೂ ತಡವರಿಸುತ್ತಾರೆ.

ಇದಕ್ಕೆ ಮೆಚ್ಚುಗೆಯ ಗುಂಡಿ ಇರುವ ಜಾಗವೂ ಕಾರಣ. ಮಾಡ್‌ಗಳನ್ನು ಹಂಚುವ ತಾಣವಾದ ನೆಕ್ಸಸ್ ಮಾಡ್ಸ್‌ನಲ್ಲಿ ಲೈಕ್‌ನ ಬದಲು ಎಂಡಾರ್ಸ್ ಎಂಬ ಗುಂಡಿಯಿದೆ. ಮಾಡ್ ಇಳಿಸಿಕೊಂಡ ತಕ್ಷಣ ಅದನ್ನು ಒತ್ತಲಾಗದು, ಸ್ವಲ್ಪ ಹೊತ್ತು ಕಳೆಯಬೇಕು. ಬಳಸಿ ನೋಡಿ ಮೆಚ್ಚಲಿ ಎನ್ನುವುದು ಅದರ ಹಿಂದಿನ ಲೆಕ್ಕಾಚಾರ, ಒಳ್ಳೆಯದೇ. ಆದರೆ ಮಾಡ್ ಇಷ್ಟವಾದವರು ಆ ಹೊತ್ತಿಗೆ ಆಟದೊಳಗೆ ಮುಳುಗಿರುತ್ತಾರೆ, ಅವರಿಗೆ ಪುಟಕ್ಕೆ ಮರಳುವ ಕಾರಣವೇ ಇರುವುದಿಲ್ಲ. ಆಟ ಕ್ರ್ಯಾಶ್ ಆದವರಾದರೋ ಅದೇ ಕ್ಷಣ ಓಡಿ ಬರುತ್ತಾರೆ. ಹೀಗಾಗಿ ಹತ್ತು ಸಾವಿರ ಮಂದಿ ನೆಮ್ಮದಿಯಾಗಿ ಆಡುತ್ತಿದ್ದರೂ ಮಾಡರ್‌ನ ಕಿವಿಗೆ ಬೀಳುವುದು ತೊಂದರೆಯಾದ ಹತ್ತು ಮಂದಿಯ ದನಿ ಮಾತ್ರ. ತನ್ನ ಕೆಲಸ ಕೆಟ್ಟಿದೆಯೇನೋ ಎಂದು ಅವನಿಗನಿಸಿದರೆ ಅದು ಅತಿಸೂಕ್ಷ್ಮ ಮನಸ್ಸಿನ ಮಾತಲ್ಲ. ಅವನ ಕೈಗೆ ಸಿಕ್ಕ ಸಾಕ್ಷಿಯೇ ಅಷ್ಟು.

ಹವ್ಯಾಸ ಎಂದ ಮೇಲೆ ಹೊಗಳಿಕೆಯ ಆಸೆ ಏಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ತನ್ನ ಖುಷಿಗಷ್ಟೇ ಮಾಡಿದ ಮಾಡ್ ತನ್ನ ಕಂಪ್ಯೂಟರಿನಲ್ಲೇ ಇರಬಹುದಿತ್ತು. ಅದನ್ನು ಹಂಚಲು ಹೊರಟಾಗ ಬೇರೆಯೇ ಒಂದು ದುಡಿಮೆ ಶುರುವಾಗುತ್ತದೆ. ವಿವರಣೆ ಬರೆಯಬೇಕು, ಯಾವ ಮಾಡ್ ಜೊತೆ ಹೊಂದುತ್ತದೆ, ಯಾವುದರ ಜೊತೆ ಹೊಂದದು ಎಂದು ಪರೀಕ್ಷಿಸಬೇಕು, ಆಟದ ಹೊಸ ಆವೃತ್ತಿ ಬಂದಾಗಲೆಲ್ಲ ತಿದ್ದಬೇಕು. ಇದರಲ್ಲಿ ಒಂದೂ ಅವನ ಸ್ವಂತ ಆಟಕ್ಕೆ ಬೇಕಿರಲಿಲ್ಲ. ಹವ್ಯಾಸಿ ನಾಟಕ ತಂಡವೂ ದುಡ್ಡಿಗಾಗಿ ಆಡುವುದಿಲ್ಲ. ಹಾಗೆಂದು ನಾಟಕ ಮುಗಿದ ಮೇಲೆ ಪ್ರೇಕ್ಷಕರು ಒಂದು ಮಾತೂ ಆಡದೆ ಎದ್ದು ಹೋದರೆ ಅವರಿಗೆ ಏನೂ ಅನಿಸುವುದಿಲ್ಲವೇ?

ಲೈಕ್ ಬಿಡಿ, ದುಡ್ಡು ಕೊಡಿ ಎನ್ನುವವರ ವಾದ ಇದಕ್ಕಿಂತ ಗಟ್ಟಿ. 2015ರ ಏಪ್ರಿಲಿನಲ್ಲಿ ವಾಲ್ವ್ ಮತ್ತು ಬೆಥೆಸ್ಡಾ ಸೇರಿ, ವಾಲ್ವ್‌ನ ಆನ್‌ಲೈನ್ ಆಟದಂಗಡಿಯಾದ ಸ್ಟೀಮ್‌ನಲ್ಲಿ ಸ್ಕೈರಿಮ್ ಮಾಡ್‌ಗಳ ಮಾರಾಟಕ್ಕೆ ಅವಕಾಶ ಕೊಟ್ಟವು. ಮಾಡರ್‌ಗೆ ಸಿಗುತ್ತಿದ್ದ ಪಾಲು ಶೇ. 25. ಬಳಕೆದಾರರು ಭುಗಿಲೆದ್ದರು, ಒಂದು ವಾರದೊಳಗೆ ಯೋಜನೆ ವಾಪಸಾಯಿತು. ಆ ಪಾಲು ಜುಜುಬಿಯಾಗಿತ್ತು ಎನ್ನುವುದು ನಿಜ. ಆದರೂ ಸೋಲಿನ ಬೇರು ಇನ್ನೂ ಆಳದಲ್ಲಿತ್ತು. ಮಾರಾಟಕ್ಕೆ ಬಂದ ಮೊದಲ ಮಾಡ್‌ಗಳಲ್ಲಿ ಮೀನು ಹಿಡಿಯುವ ಮಾಡ್ ಒಂದಿತ್ತು. ಅದು ಇನ್ನೊಬ್ಬರು ಉಚಿತವಾಗಿ ಹಂಚಿದ ಕೆಲಸವನ್ನು ನೆಚ್ಚಿಕೊಂಡಿದೆ ಎಂಬ ತಕರಾರು ಎದ್ದು, ಕೆಲವೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಒಂದರ ಹೆಗಲ ಮೇಲೆ ಇನ್ನೊಂದು ನಿಂತ ಈ ಲೋಕದಲ್ಲಿ ಬೆಲೆ ಕಟ್ಟಲು ಹೊರಟರೆ ಯಾರಿಗೆ ಎಷ್ಟು ಎಂಬ ಲೆಕ್ಕ ಮುಗಿಯುವುದಿಲ್ಲ. ಮೆಚ್ಚುಗೆಗೆ ಆ ತೊಡಕಿಲ್ಲ, ಹಂಚಿದರೆ ಅದು ಕರಗುವುದಿಲ್ಲ. ಮಾಡ್ ಪುಟದ ಕೊನೆಯಲ್ಲಿ ಮಾಡರ್‌ಗಳು ಪರಸ್ಪರರ ಹೆಸರು ಹೇಳಿ ಕ್ರೆಡಿಟ್ ಕೊಡುವ ಸಾಲುಗಳನ್ನು ಓದಿ ನೋಡಿ. ಯಾರ ಕೋಡ್, ಯಾರ ಮಾದರಿ, ಯಾರ ಸಲಹೆ ಎಂದು ಅಲ್ಲಿ ಬಿಡಿಬಿಡಿಯಾಗಿ ಬರೆದಿರುತ್ತದೆ. ನನ್ನ ಮಟ್ಟಿಗೆ ಇಡೀ ಪುಟದಲ್ಲಿ ಅತ್ಯಂತ ಘನತೆಯ ಭಾಗ ಅದೇ.

ಲೈಕ್‌ಗೆ ದಾಸರಾಗುವ ಅಪಾಯ ಇಲ್ಲವೆಂದಲ್ಲ. ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಎಂಬ ಇನ್ನೊಂದು ಆಟದಲ್ಲಿ ನಮ್ಮ ಐರಾವತ ಬಸ್ಸುಗಳನ್ನು ಓಡಿಸುವ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಹೊಳೆಯುವ ಲಿವರಿಗೆ, ಅಂದರೆ ಬಸ್ಸಿನ ಮೈಬಣ್ಣಕ್ಕೆ, ಲೈಕ್ ಸುರಿಯುತ್ತದೆ. ಬಸ್ಸಿನ ಮಾದರಿಯನ್ನೇ ಚಕ್ರದಿಂದ ಚಾವಣಿಯವರೆಗೆ ಕಟ್ಟಿದವನನ್ನು ಕೇಳುವವರಿಲ್ಲ. ಅದೂ ಸಾಲದೆ, ಒಬ್ಬರ ಮಾಡ್‌ನಿಂದ ಹೆಸರು ಅಳಿಸಿ ಇನ್ನೊಬ್ಬರು ತಮ್ಮದೆಂದು ಹಂಚುವುದೂ ಉಂಟು. ಆಗ ಮಾಡರ್‌ಗಳು ಕೊರಗುವುದು ಕಳೆದುಕೊಂಡ ಲೈಕ್‌ಗಳ ಎಣಿಕೆಗಲ್ಲ, ಅಳಿಸಿಹೋದ ಹೆಸರಿಗೆ. ಅವರಿಗೆ ಬೇಕಿರುವುದು ಇಂಥವರು ಇದನ್ನು ಮಾಡಿದ್ದಾರೆ, ನಾನು ಗಮನಿಸಿದೆ ಎಂಬ ಒಂದು ಗುರುತು. ಎಂಡಾರ್ಸ್ ಗುಂಡಿ ಆ ಗುರುತಿನ ಅತಿ ಚಿಕ್ಕ ರೂಪ. 'ಸೂಪರ್' ಎಂಬ ಒಂದು ಪದಕ್ಕಿಂತ, ಯಾವ ಊರಿನ ಯಾವ ಬಾಗಿಲಲ್ಲಿ ಈಗ ಪಾತ್ರ ಸರಾಗವಾಗಿ ದಾಟುತ್ತದೆ ಎಂದು ಬರೆದ ಒಂದು ಸಾಲಿಗೆ ತೂಕ ಹೆಚ್ಚು. ಎಷ್ಟು ಗಂಟೆ ಆಟ ಆಡಿದ ಮೇಲೆ, ಯಾವ ಮಾಡ್‌ಗಳ ಜೊತೆಗೆ ಕ್ರ್ಯಾಶ್ ಆಯಿತು ಎಂದು ಸಮಾಧಾನವಾಗಿ ಬರೆದ ದೂರು ಕೂಡ ಮೆಚ್ಚುಗೆಯೇ, ಏಕೆಂದರೆ ಬರೆದವರು ಕೆಲಸವನ್ನು ನಿಜವಾಗಿ ನೋಡಿದ್ದಾರೆ.

ಪುಟಕ್ಕೆ ಮರಳುವ ದಾರಿ ದೂರ ಎಂಬ ನೆಪವೂ ಈಗ ಉಳಿದಿಲ್ಲ. ಮಾಡ್‌ಗಳನ್ನು ನಿರ್ವಹಿಸುವ ತಂತ್ರಾಂಶಗಳಾದ ವೊರ್ಟೆಕ್ಸ್ ಆಗಲಿ, ಮಾಡ್ ಆರ್ಗನೈಸರ್ ಆಗಲಿ, ನಾವು ಹಾಕಿಕೊಂಡ ಮಾಡ್‌ಗಳ ಇಡೀ ಪಟ್ಟಿಯನ್ನು ಎದುರಿಗಿಡುತ್ತವೆ, ಅಲ್ಲಿಂದಲೇ ಎಂಡಾರ್ಸ್ ಮಾಡಬಹುದು. ಮುಂದಿನ ಬಾರಿ ಆಟ ಶುರು ಮಾಡುವ ಮೊದಲು ಆ ಪಟ್ಟಿಯನ್ನು ಒಮ್ಮೆ ಕೆಳಗಿನವರೆಗೆ ಇಳಿಸಿ ನೋಡಿ. ಏಕೆ ಹಾಕಿಕೊಂಡಿದ್ದೆವೆಂದೇ ಮರೆತುಹೋದ ನಾಲ್ಕಾರು ಪ್ಯಾಚ್‌ಗಳು ಅಲ್ಲಿರುತ್ತವೆ. ಅವುಗಳಿಂದ ಶುರು ಮಾಡಿ.