ಕಳ್ಳರು ಕದಿಯಬಲ್ಲ ವಿದ್ಯೆ: ನಮ್ಮ ಸಿನಿಮಾದ ವಿಜ್ಞಾನಿಗಳು

ವಿದ್ಯೆಯನ್ನು ಕಳ್ಳರು ಕದಿಯಲಾರರು ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ನಮ್ಮ ಸಿನಿಮಾದಲ್ಲಿ ಮಾತ್ರ ವಿದ್ಯೆ ಇರುವುದೇ ಕಳವಾಗಲಿಕ್ಕೆ. 1968ರಲ್ಲಿ ದೊರೈ–ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿ ತೆರೆಗೆ ತಂದ ‘ಜೇಡರ ಬಲೆ’ಯಲ್ಲಿ ಒಬ್ಬ ವಿಜ್ಞಾನಿ ಕೀಳು ಲೋಹವನ್ನು ಚಿನ್ನವಾಗಿಸುವ ಸೂತ್ರ ಕಂಡುಹಿಡಿಯುತ್ತಾನೆ. ಆ ಸೂತ್ರಕ್ಕಾಗಿ ದುಷ್ಟಕೂಟ ಬಲೆ ಬೀಸುತ್ತದೆ, ಪತ್ತೇದಾರ ಬಲೆಯನ್ನು ಹರಿಯುತ್ತಾನೆ. ಕನ್ನಡದಲ್ಲಿ ಬಾಂಡ್ ಮಾದರಿಯ ಚಿತ್ರಗಳಿಗೆ ದಾರಿ ಮಾಡಿದ ಈ ಚಿತ್ರ ಇವತ್ತಿಗೂ ಲವಲವಿಕೆಯಿಂದಿದೆ, ಅದರ ಜನಪ್ರಿಯತೆಯ ಬಗ್ಗೆ ತಕರಾರಿಲ್ಲ. ಆದರೆ ಅಲ್ಲಿ ವಿಜ್ಞಾನಕ್ಕೆ ಸಿಕ್ಕ ಸ್ಥಾನವನ್ನು ಗಮನಿಸಬೇಕು. ಸೂತ್ರ ಒಂದು ವಸ್ತು. ಜೇಬಿನಲ್ಲಿಡಬಹುದು, ಕಸಿಯಬಹುದು, ಸುಡಬಹುದು. ಅದನ್ನು ಕಂಡುಹಿಡಿಯಲು ಒಬ್ಬ ಮನುಷ್ಯ ಎಷ್ಟು ವರ್ಷ ಯೋಚಿಸಿದ, ಕಂಡುಹಿಡಿದ ಮೇಲೆ ಅವನು ಬೇರೆ ಮನುಷ್ಯನಾದನೇ ಎಂಬ ಪ್ರಶ್ನೆ ಕಥೆಗೆ ಬೇಕಾಗಿಲ್ಲ. ಪೆಟ್ಟಿಗೆಯಲ್ಲಿ ಸೂತ್ರದ ಬದಲು ವಜ್ರವಿದ್ದರೂ ಚಿತ್ರ ನಡೆಯುತ್ತದೆ. ಹತ್ತು ವರ್ಷದ ನಂತರ ಬಂದ ‘ಆಪರೇಷನ್ ಡೈಮಂಡ್ ರಾಕೆಟ್’ ಹೆಸರಿನಲ್ಲೇ ವಜ್ರವನ್ನು ಇಟ್ಟುಕೊಂಡಿತು.

ಕನ್ನಡದಲ್ಲಿ, ಹೆಚ್ಚು ಕಡಿಮೆ ಭಾರತದಲ್ಲೆಲ್ಲ, ಸೈನ್ಸ್ ಫಿಕ್ಷನ್ ಚಿತ್ರಗಳು ಸವೆದ ದಾರಿಯಲ್ಲೇ ನಡೆಯುವುದಕ್ಕೆ ಹಣವಿಲ್ಲ, ತಂತ್ರಜ್ಞಾನವಿಲ್ಲ ಎಂಬ ಕಾರಣಗಳನ್ನು ಕೊಡುವುದು ವಾಡಿಕೆ. ನಿಜವಾದ ಕಾರಣ ಬೇರೆ ಇದೆ. ಈ ಚಿತ್ರಗಳು ಅರಿವನ್ನು ಒಂದು ಸೊತ್ತಾಗಿ ಕಂಡಿವೆ, ಮನುಷ್ಯನನ್ನು ಬದಲಿಸುವ ಅನುಭವವಾಗಿ ಕಂಡಿಲ್ಲ. ಸೊತ್ತಿನ ಕಥೆಯಲ್ಲಿ ಒಡೆಯ, ಕಳ್ಳ, ಕಾವಲುಗಾರ ಮೂವರಿದ್ದರೆ ಸಾಕು. ನಮಗೆ ಬಾಯಿಪಾಠವಾಗಿರುವ ಪಾತ್ರಗಳೆಲ್ಲ ಇದರಿಂದಲೇ ಹುಟ್ಟಿದವು: ಕೆದರಿದ ಕೂದಲಿನ ಮರುಳು ವಿಜ್ಞಾನಿ, ಯಂತ್ರವನ್ನು ನಾಯಕನ ಕೈಗಿತ್ತು ಸಾಯುವ ಮುದುಕ, ಅದನ್ನು ಕಸಿಯಲು ಬರುವ ಪರದೇಶದ ಖಳ, ಯಂತ್ರಕ್ಕೂ ಮನುಷ್ಯನಿಗೂ ಒಟ್ಟಿಗೆ ಬೇಕಾದ ನಾಯಕಿ. ಇವರು ಒಳ್ಳೆಯವರೋ ಕೆಟ್ಟವರೋ ಆಗಿ ಬರುತ್ತಾರೆ, ಬಂದ ಹಾಗೆಯೇ ಹೋಗುತ್ತಾರೆ. ನಡುವೆ ಬದಲಾಗುವುದು ಯಂತ್ರ ಯಾರ ಕೈಯಲ್ಲಿದೆ ಎಂಬುದೊಂದೇ.

ಈ ರೋಗ ನಮ್ಮದಷ್ಟೇ ಅಲ್ಲ, ಪುಸ್ತಕ ಸಿನಿಮಾ ಆಗುವ ದಾರಿಯಲ್ಲೇ ಅದು ಅಂಟಿಕೊಂಡಿದೆ. ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ 1818ರಲ್ಲಿ ಬಂತು. ಅಲ್ಲಿ ವಿಜ್ಞಾನಿ ಸೃಷ್ಟಿಸಿದ ಜೀವಿ ಮಾತು ಕಲಿಯುತ್ತದೆ, ಮಿಲ್ಟನ್‌ನನ್ನು ಓದುತ್ತದೆ, ತನ್ನನ್ನು ಹುಟ್ಟಿಸಿ ಕೈಬಿಟ್ಟವನ ಎದುರು ನಿಂತು ವಾದಿಸುತ್ತದೆ. ಅದು ಕ್ರೂರವಾಗುವುದು ಎಲ್ಲರೂ ಅದನ್ನು ಕಂಡು ಹೇಸಿ ಅಟ್ಟಿದ ಮೇಲೆ. ಜೇಮ್ಸ್ ವೇಲ್ 1931ರಲ್ಲಿ ಮಾಡಿದ ಚಿತ್ರ ಆ ಜೀವಿಯ ಬಾಯಿ ಕಟ್ಟಿತು. ಅದರ ಕ್ರೌರ್ಯಕ್ಕೊಂದು ಸುಲಭದ ಕಾರಣವನ್ನೂ ಹುಡುಕಿತು: ಸಹಾಯಕ ಒಳ್ಳೆಯ ಮಿದುಳಿನ ಬದಲು ಅಪರಾಧಿಯೊಬ್ಬನ ಮಿದುಳನ್ನು ಕದ್ದು ತರುತ್ತಾನೆ. ಕಾದಂಬರಿಯಲ್ಲಿ ಬದುಕಿನಿಂದ ಬಂದದ್ದು ಚಿತ್ರದಲ್ಲಿ ಒಂದು ಬಿಡಿಭಾಗದಿಂದ ಬಂತು. ಸುಮಾರು ಎಂಬತ್ತು ವರ್ಷದ ಮೇಲೆ, 2010ರ ತಮಿಳು ‘ಎಂದಿರನ್’ ಇದೇ ಕೆಲಸ ಮಾಡಿತು. ಚಿಟ್ಟಿ ಎಂಬ ರೋಬೊಗೆ ವಿಜ್ಞಾನಿ ಭಾವನೆ ಕೊಡುತ್ತಾನೆ, ಅದು ಪ್ರೀತಿಸಲು ತೊಡಗಿದಾಗ ತನ್ನ ಕೈಯಾರೆ ಅದನ್ನು ಕಡಿದು ಎಸೆಯುತ್ತಾನೆ. ಆ ಕ್ಷಣದವರೆಗೆ ಚಿಟ್ಟಿ ನಿಜವಾದ ಪಾತ್ರ. ಅನಂತರ ಖಳ ಬಂದು ಕೆಂಪು ಚಿಪ್ ಜೋಡಿಸುತ್ತಾನೆ, ಪಾತ್ರ ಮುಗಿದು ಅಬ್ಬರ ಶುರುವಾಗುತ್ತದೆ. ತಿರಸ್ಕೃತನಾದವನ ಸಿಟ್ಟು ಹೇಗೆ ಬೆಳೆಯುತ್ತದೆ ಎಂಬ ದೊಡ್ಡ ಪ್ರಶ್ನೆಯನ್ನು ಒಂದು ಚಿಪ್ ನುಂಗಿಹಾಕಿತು. ಇದಕ್ಕೆ ಎಂಟು ವರ್ಷ ಮೊದಲೇ ಕನ್ನಡದಲ್ಲಿ ಉಪೇಂದ್ರ ಮೂರು ವೇಷ ಹಾಕಿದ, ದಿನೇಶ್ ಬಾಬು ನಿರ್ದೇಶಿಸಿದ ‘ಹಾಲಿವುಡ್’ ಬಂದಿತ್ತು. ಮನುಷ್ಯನದೇ ಮುಖವಿರುವ ರೋಬೊವನ್ನು ಅಷ್ಟು ಮುಂಚೆ ಕಲ್ಪಿಸಿದ್ದು ಸಣ್ಣ ಸಾಹಸವಲ್ಲ. ಆದರೆ ಅಲ್ಲಿಯೂ ಯಂತ್ರ ನಟನೊಬ್ಬನ ವರಸೆಗಳಿಗೆ ಒದಗಿದ ಇನ್ನೊಂದು ವೇಷವಾಯಿತೇ ಹೊರತು, ತನ್ನ ಪ್ರತಿರೂಪವನ್ನು ಎದುರಿಗಿಟ್ಟುಕೊಂಡ ಮನುಷ್ಯ ತನ್ನ ಬಗ್ಗೆ ಏನು ಕಲಿತ ಎಂಬುದು ಕಥೆಯಾಗಲಿಲ್ಲ.

ಅರಿವು ಮನುಷ್ಯನನ್ನು ಬದಲಿಸುವ ಕಥೆ ಹೇಗಿರುತ್ತದೆಂದು ತಿಳಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ 1980ರಲ್ಲಿ ಬಂತು. ಮೂಡಿಗೆರೆಯ ಕಡೆಯ ಕಾಡಿನಲ್ಲಿ ಕೀಟವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ, ತೋಟ ಮಾರಿ ಹೋಗುವ ಯೋಚನೆಯಲ್ಲಿರುವ ನಿರೂಪಕ, ಫೋಟೊ ತೆಗೆಯುವ ಪ್ರಭಾಕರ, ಅಡುಗೆಯ ಬಿರಿಯಾನಿ ಕರಿಯಪ್ಪ ಸೇರಿ ಕೋಟ್ಯಂತರ ವರ್ಷಗಳಿಂದ ಉಳಿದುಬಂದ ಹಾರುವ ಓತಿಯನ್ನು ಹುಡುಕುತ್ತಾರೆ. ಕಥೆಯ ಕೊನೆಯಲ್ಲಿ ಓತಿ ಕೈಗೆ ಸಿಗುವುದಿಲ್ಲ, ತೇಲಿಹೋಗುತ್ತದೆ. ಸೊತ್ತಿನ ಲೆಕ್ಕದಲ್ಲಿ ಇದು ಸೋಲು. ಆದರೆ ಹುಡುಕಾಟಕ್ಕೆ ಹೊರಟವರು ಯಾರೂ ಮೊದಲಿನವರಾಗಿ ಉಳಿದಿಲ್ಲ. ಕಳ್ಳಬಟ್ಟಿಯ ಕೇಸಿನಲ್ಲಿ ಸಿಕ್ಕಿಬಿದ್ದ ಮಂದಣ್ಣನನ್ನು ಊರು ಪೆದ್ದನೆಂದು ಕಂಡರೆ, ಕರ್ವಾಲೊ ಅವನಲ್ಲಿ ಹುಟ್ಟು ಜೀವವಿಜ್ಞಾನಿಯನ್ನು ಕಾಣುತ್ತಾರೆ. ಮೊದಲು ಕರ್ವಾಲೊ ಅವರ ಬುದ್ಧಿಯನ್ನೇ ಅನುಮಾನಿಸಿದ ನಿರೂಪಕ, ನಿಧಾನಕ್ಕೆ ತನ್ನ ಅಳತೆಗೋಲನ್ನೇ ಅನುಮಾನಿಸತೊಡಗುತ್ತಾನೆ. ಪಾತ್ರದ ಬೆಳವಣಿಗೆ ಎಂದರೆ ಇದು. ಇಲ್ಲಿ ಕದಿಯಲು ಏನೂ ಇಲ್ಲ. ಮಂದಣ್ಣನ ಕಣ್ಣನ್ನು ಯಾವ ಖಳನೂ ಪೆಟ್ಟಿಗೆಯಲ್ಲಿಟ್ಟು ಒಯ್ಯಲಾರ.

‘ಕರ್ವಾಲೊ’ದಲ್ಲಿ ರಾಕೆಟ್ಟಿಲ್ಲ, ರೋಬೊ ಇಲ್ಲ, ಅದನ್ನು ಸೈನ್ಸ್ ಫಿಕ್ಷನ್ ಎನ್ನಬಹುದೇ ಎಂದು ಯಾರಾದರೂ ಕೇಳಿಯಾರು. ಉಪಕರಣಗಳನ್ನು ಎಣಿಸಿ ಪ್ರಕಾರ ನಿರ್ಧರಿಸುವುದಾದರೆ ಅಲ್ಲ. ಆದರೆ ವಿಜ್ಞಾನದ ಒಂದು ಊಹೆಯನ್ನು ನಿಜವೆಂದು ಹಿಡಿದು, ಅದರ ಎದುರು ಮನುಷ್ಯರನ್ನು ನಿಲ್ಲಿಸಿ ನೋಡುವುದೇ ಈ ಪ್ರಕಾರದ ಜೀವಾಳವಾದರೆ ‘ಕರ್ವಾಲೊ’ ಅದರ ನಡುಮನೆಯಲ್ಲೇ ಇದೆ. ನಮ್ಮ ನಿರ್ದೇಶಕರು ತೇಜಸ್ವಿಯವರನ್ನು ಓದದವರೂ ಅಲ್ಲ. ಎನ್. ಲಕ್ಷ್ಮೀನಾರಾಯಣ್ ‘ಅಬಚೂರಿನ ಪೋಸ್ಟಾಫೀಸು’ (1973), ಗಿರೀಶ ಕಾಸರವಳ್ಳಿ ‘ತಬರನ ಕಥೆ’ (1986), ಸದಾನಂದ ಸುವರ್ಣ ‘ಕುಬಿ ಮತ್ತು ಇಯಾಲ’ (1992) ಮಾಡಿದರು. 2016ರಲ್ಲಿ ‘ಕಿರಗೂರಿನ ಗಯ್ಯಾಳಿಗಳು’, 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಫಾ’ ಬಂದವು. ಇವುಗಳಲ್ಲಿ ಕುಬಿ ನಮ್ಮ ವಾದಕ್ಕೆ ತೀರ ಹತ್ತಿರದವನು. ಹಳ್ಳಿಗೆ ಬಂದ ವೈದ್ಯ, ಒಂದು ಹುಡುಗಿಯ ಸಾವಿಗೆ ಕಾರಣ ಹುಡುಕುತ್ತ ಊರಿನ ನಂಬಿಕೆ, ಭಯ, ಸುಳ್ಳುಗಳಿಗೆ ಎದುರಾಗುತ್ತಾನೆ. ವಿಚಾರವಂತಿಕೆಗೆ ತೆರಬೇಕಾದ ಬೆಲೆ ಏನೆಂಬುದನ್ನು ಒಂದು ಪಾತ್ರದ ಮೂಲಕ ಕಾಣಿಸುವ ಶಕ್ತಿ ಕನ್ನಡ ಸಿನಿಮಾಕ್ಕೆ ಇತ್ತು ಎಂಬುದಕ್ಕೆ ಇದು ಸಾಕ್ಷಿ. ಆ ಶಕ್ತಿ ಕಲಾತ್ಮಕ ಚಿತ್ರಗಳ ಅಂಗಳದಲ್ಲೇ ಉಳಿಯಿತು, ಸೈನ್ಸ್ ಫಿಕ್ಷನ್ ಎಂದು ಕರೆದುಕೊಂಡ ಚಿತ್ರಗಳ ಕಡೆ ದಾಟಲಿಲ್ಲ.

ಈಗ ಹಣದ ಮಾತು. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಪ್ರೇಕ್ಷಕರಿಂದಲೇ ಹಣ ಕೂಡಿಸಿ ಮಾಡಿದ ಚಿತ್ರ. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ದೆಯಿಲ್ಲ. ಒಂದು ಗುಳಿಗೆ ನುಂಗಿದರೆ ಕನಸಿನಲ್ಲಿ ಅವನೇ ಚಿತ್ರತಾರೆ. ಕೊನೆಗೆ ನಿಜ ಯಾವುದು, ಕನಸು ಯಾವುದು ಎಂಬುದು ತಲೆಕೆಳಗಾಗುತ್ತದೆ. ಎಲ್ಲ ಪಡೆದವನು ಏನೂ ಇಲ್ಲದವನ ಬದುಕಿಗಾಗಿ ಹಂಬಲಿಸುತ್ತಿದ್ದ ಎಂದು ತಿಳಿದಾಗ ನಾವು ನೋಡಿದ ಪ್ರತಿ ದೃಶ್ಯಕ್ಕೂ ಬೇರೆ ಅರ್ಥ ಬರುತ್ತದೆ. ಗುಳಿಗೆ ಹಳೆಯ ಉಪಾಯವೇ, ಅದನ್ನು ಬೆನ್ನಟ್ಟುವ ಪತ್ತೇದಾರಿ ಭಾಗ ಚಿತ್ರದ ಸೊರಗಿದ ಭಾಗವೂ ಹೌದು. ಆದರೂ ಚಿತ್ರ ನಿಂತದ್ದು ಗುಳಿಗೆಯ ಮೇಲಲ್ಲ, ಆಸೆಯ ಮೇಲೆ. ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ (2024) ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಅಲ್ಲಿ ಕಾಲದಲ್ಲಿ ಸಂಚರಿಸಲು ದೊಡ್ಡ ಯಂತ್ರ ಬೇಡ, ರೆಪ್ಪೆ ಮಿಟುಕಿಸದೆ ಇರಬೇಕು ಅಷ್ಟೇ. ಎಂ.ಎ. ಪಾಸಾಗದ, ಪ್ರೀತಿಸಿದವಳಿಗೆ ಸುಳ್ಳು ಹೇಳಿಕೊಂಡಿರುವ ಅಪೂರ್ವ ತನ್ನದೇ ಹಿಂದು ಮುಂದಿನ ಜೊತೆ ಸಿಕ್ಕಿಕೊಳ್ಳುತ್ತಾನೆ. ಅವನ ಸೋಲು, ತಂದೆಯ ಬಗೆಗಿನ ಹುಡುಕಾಟ ಇಲ್ಲದೆ ಆ ಕಾಲಯಾನಕ್ಕೆ ಅರ್ಥವೇ ಇಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ‘ಯುಐ’ ಇವೆರಡಕ್ಕಿಂತ ಬಹಳ ದೊಡ್ಡ ಖರ್ಚಿನದು. ಅದರ ಸಾಮಾಜಿಕ ಸಿಟ್ಟು ಪ್ರಾಮಾಣಿಕ. ಆದರೆ ಅಲ್ಲಿ ಪಾತ್ರಗಳು ವಾದಗಳನ್ನು ಹೊತ್ತು ನಿಲ್ಲುತ್ತವೆ, ವಾದಗಳಿಂದ ಗಾಯಗೊಳ್ಳುವುದಿಲ್ಲ. ಹಣ ಕಡಿಮೆಯಿದ್ದಲ್ಲಿ ಮನುಷ್ಯ ಬೆಳೆದ, ಹೆಚ್ಚಿದ್ದಲ್ಲಿ ಬೆಳೆಯಲಿಲ್ಲ ಎಂದಾದರೆ ಕೊರತೆ ಎಲ್ಲಿದೆ ಎಂಬುದು ಸ್ಪಷ್ಟ.

ಪಾತ್ರಗಳ ಸವಕಲುತನಕ್ಕೂ ನೆಲದ ಸವಕಲುತನಕ್ಕೂ ನಂಟಿದೆ. ಕಾಲಯಾನ ಎಂದೊಡನೆ ತೆಲುಗಿನ ‘ಆದಿತ್ಯ 369’ (1991) ವಿಜಯನಗರದ ಕೃಷ್ಣದೇವರಾಯನ ಆಸ್ಥಾನಕ್ಕೆ ಹೋಯಿತು. ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್ ಅದನ್ನು ಸೊಗಸಾಗಿಯೇ ಮಾಡಿದರು. ಆದರೆ ಅಂದಿನಿಂದ ಭೂತಕಾಲವೆಂದರೆ ಅರಮನೆ, ಭವಿಷ್ಯವೆಂದರೆ ಗಾಜಿನ ನಗರ ಎಂಬುದು ಗಟ್ಟಿಯಾಗಿ ಕೂತಿತು. ಇವೆರಡೂ ಅಲ್ಲದ ನೆಲ ಬೇಕಾದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಸೀಮೆಯನ್ನು ನೋಡಿ. ಶಹಾಬಾದಿ ಫರ್ಸಿ ಎಂದು ದೇಶದ ಮನೆಗಳೆಲ್ಲ ಹಾಸಿಕೊಂಡ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಹರಡಿದ್ದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣಕಲ್ಲು. ವಾಡಿ, ಸೇಡಂನ ಕಾರ್ಖಾನೆಗಳು ಅದೇ ಸುಣ್ಣಕಲ್ಲನ್ನು ಸುಟ್ಟು ಸಿಮೆಂಟು ಮಾಡುತ್ತವೆ. ಸಿನಿಮಾದ ಭವಿಷ್ಯನಗರ ನಿಲ್ಲಬೇಕಾದದ್ದು ಈ ಸಿಮೆಂಟಿನ ಮೇಲೆ, ಆದರೆ ಖಣಿಯಲ್ಲಿ ಕಲ್ಲು ಒಡೆದವನು ಆ ನಗರದ ಒಂದು ಚೌಕಟ್ಟಿನಲ್ಲೂ ಇಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ಗೊತ್ತಾಯಿತು. ಮೂರ್ತಿಯನ್ನು ನಿಲ್ಲಿಸಲು ಯಾರೋ ಅಕ್ಷರಗಳ ನಡುವೆಯೇ ಕಿಂಡಿ ಕೊರೆದಿದ್ದರು. ಕಾಲಯಾನದ ಕಥೆಗೆ ಚಕ್ರವರ್ತಿಗಿಂತ ಆ ಕಲ್ಲುಕುಟಿಗ ದೊಡ್ಡ ಪಾತ್ರ. ತನ್ನ ಕಾಲಕ್ಕೆ ಲಿಪಿ ಓದುವವರೇ ಇಲ್ಲವಾಗಿ, ದೇವಿಯ ಮೇಲಿನ ಭಕ್ತಿಯಿಂದಲೇ ಉಳಿಯನ್ನು ಇಟ್ಟವನ ಎದುರು, ಆ ಲಿಪಿ ಬಲ್ಲವನೊಬ್ಬ ಇವತ್ತಿನಿಂದ ಹೋಗಿ ನಿಂತರೆ ಏನು ಹೇಳಿಯಾನು? ತಡೆದರೆ ದೇವಿಗೆ ನೆಲೆಯಿಲ್ಲ, ತಡೆಯದಿದ್ದರೆ ಅಕ್ಷರ ಉಳಿಯದು. ಇಂಥ ಇಕ್ಕಟ್ಟಿನಲ್ಲಿ ಪಾತ್ರ ಬೆಳೆಯುತ್ತದೆ, ಆಸ್ಥಾನದ ವೈಭವದಲ್ಲಿ ಬೆಳೆಯುವುದಿಲ್ಲ.

ಇಂದಿನ ಬದುಕೂ ಇಷ್ಟೇ ಸಮೃದ್ಧ. ತೊಗರಿ ಈ ಸೀಮೆಯ ಜೀವ, ನೆಟೆ ರೋಗ ಅದರ ಶತ್ರು. ಅದನ್ನು ತಾಳಿಕೊಳ್ಳುವ ಮಾರುತಿ ಎಂಬ ತಳಿ 1980ರ ದಶಕದಲ್ಲಿ ಬಂದು ಇಲ್ಲಿನ ಹೊಲಗಳನ್ನು ತುಂಬಿತು. ಒಂದು ಬೀಜ ಊರನ್ನು ಹೇಗೆ ಬದಲಿಸುತ್ತದೆ, ಬೀಜವನ್ನು ಬಲ್ಲ ರೈತ ಮತ್ತು ಪ್ರಯೋಗಾಲಯದ ವಿಜ್ಞಾನಿ ಇಬ್ಬರಲ್ಲಿ ಯಾರು ಯಾರಿಗೆ ಗುರು ಎಂಬುದು ಇಡೀ ಚಿತ್ರಕ್ಕೆ ಸಾಲುವ ಪ್ರಶ್ನೆ. ತೇಜಸ್ವಿ ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ಸಂಶೋಧನೆಯ ಸುತ್ತ ಇಡೀ ಊರಿನ ಒಳಗನ್ನು ಬಿಡಿಸಿದ್ದರು. ಚಂದ್ರಂಪಳ್ಳಿ ಜಲಾಶಯದ ಸುತ್ತಲ ಒಣ ಕಾಡಿನಲ್ಲಿ, ಚಿಂಚೋಳಿಯ ತಾಂಡಾಗಳಲ್ಲಿ ಗಿಡ, ಹಕ್ಕಿ, ನೀರಿನ ಜಾಡು ಬಲ್ಲವರಿದ್ದಾರೆ. ಮಂದಣ್ಣ ಮಲೆನಾಡಿನಲ್ಲಿ ಮಾತ್ರ ಹುಟ್ಟಬೇಕೆಂದಿಲ್ಲ.

ಜನಪ್ರಿಯ ಸಿನಿಮಾಕ್ಕೆ ಅಚ್ಚಿನ ಪಾತ್ರಗಳೇ ಬೇಕು, ಪ್ರೇಕ್ಷಕ ಬದಲಾಗುವ ನಾಯಕನನ್ನು ಒಪ್ಪುವುದಿಲ್ಲ ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಇದನ್ನು ತಳ್ಳಿಹಾಕುವಂತಿಲ್ಲ. ನಮ್ಮ ದೊಡ್ಡಾಟದಲ್ಲೂ ವೇಷ ಕಂಡೊಡನೆ ರಾಜನೋ ರಾಕ್ಷಸನೋ ಗೊತ್ತಾಗುತ್ತದೆ. ಆದರೆ ಅದೇ ಆಟದಲ್ಲಿ ಕರ್ಣ ತಾಯಿಯ ಎದುರು ನಿಂತಾಗ ವೇಷದೊಳಗಿನ ಮನುಷ್ಯ ತತ್ತರಿಸುತ್ತಾನೆ, ಜನ ಬೆಳಗಿನವರೆಗೆ ಕಾಯುವುದು ಆ ತತ್ತರಕ್ಕಾಗಿ. ಅಚ್ಚು ಆರಂಭಕ್ಕೆ ಬೇಕು, ಮುಗಿತಾಯಕ್ಕೂ ಅಚ್ಚೇ ಉಳಿದರೆ ಆಟ ಸೋತಂತೆ. ಮೂಲಕೃತಿಗೆ ನಿಷ್ಠರಾಗಿರಬೇಕು ಎಂಬ ವಾದವೂ ಇಲ್ಲಿ ಅರ್ಧ ಸತ್ಯ. ಟೆಡ್ ಚಿಯಾಂಗ್ 1998ರಲ್ಲಿ ಬರೆದ ಕಥೆಯಿಂದ ಡೆನಿಸ್ ವಿಲ್‌ನವ್ 2016ರಲ್ಲಿ ‘ಅರೈವಲ್’ ಮಾಡಿದಾಗ ಕಥೆಯಲ್ಲಿಲ್ಲದ ಯುದ್ಧಭೀತಿಯನ್ನು ಸೇರಿಸಿದರು. ಅದು ಸವಕಲು ಸರಕೇ. ಆದರೂ ಅನ್ಯಲೋಕದವರ ಭಾಷೆ ಕಲಿಯುತ್ತ ಕಲಿಯುತ್ತ ಕಾಲವನ್ನೇ ಬೇರೆ ರೀತಿ ಕಾಣತೊಡಗಿ, ಮಗಳ ಸಾವನ್ನು ಮುಂಚೆಯೇ ಅರಿತೂ ಅವಳನ್ನು ಹಡೆಯಲು ಒಪ್ಪುವ ಭಾಷಾವಿಜ್ಞಾನಿಯನ್ನು ಚಿತ್ರ ಕೈಬಿಡಲಿಲ್ಲ. ಅದೇ ನಿರ್ದೇಶಕರು 2024ರಲ್ಲಿ ‘ಡ್ಯೂನ್’ನ ಎರಡನೇ ಭಾಗ ಮಾಡುವಾಗ ನಾಯಕನ ಪ್ರೇಯಸಿ ಚಾನಿಯನ್ನು ಮೂಲ ಕಾದಂಬರಿಯಿಂದ ದೂರ ಒಯ್ದರು. ಅವತಾರಪುರುಷನ ಕಥೆಯನ್ನು ಒಳಗಿನಿಂದಲೇ ಪ್ರಶ್ನಿಸುವವಳಾಗಿ ಅವಳು ಬೆಳೆದಳು. ಬದಲಾವಣೆ ತಪ್ಪಲ್ಲ, ಬದಲಾವಣೆ ಪಾತ್ರಕ್ಕೆ ಏನು ಮಾಡಿತು ಎಂಬುದೇ ಲೆಕ್ಕ.

ಆದ್ದರಿಂದ ಮುಂದೆ ಯಾರಾದರೂ ‘ಕರ್ವಾಲೊ’ವನ್ನೋ ಇನ್ನೊಂದು ವೈಜ್ಞಾನಿಕ ಕಥೆಯನ್ನೋ ತೆರೆಗೆ ತಂದಾಗ ನಾವು ಮೊದಲು ನೋಡಬೇಕಾದದ್ದು ಗ್ರಾಫಿಕ್ಸ್ ಹೇಗಿದೆ ಎಂಬುದನ್ನಲ್ಲ. ಈ ಕಥೆಯಲ್ಲಿ ತಿಳಿದುಕೊಂಡದ್ದರಿಂದ ಯಾರು ಬದಲಾದರು, ಅದಕ್ಕಾಗಿ ಅವರು ಏನು ಕಳೆದುಕೊಂಡರು ಎಂದು ಕೇಳಬೇಕು. ಹಾರುವ ಓತಿಯನ್ನು ಕದಿಯಲು ಪರದೇಶದ ಖಳನೊಬ್ಬ ಹೆಲಿಕಾಪ್ಟರ್‌ನಲ್ಲಿ ಇಳಿದರೆ ಆ ಚಿತ್ರ 1968ರಲ್ಲೇ ನಿಂತಿದೆ ಎಂದು ತಿಳಿಯಬಹುದು. ಓತಿ ಕೈತಪ್ಪಿದ ಮೇಲೂ ಪ್ರೇಕ್ಷಕ ಗೆದ್ದವನಂತೆ ಎದ್ದು ಬಂದರೆ, ಕಳ್ಳರು ಕದಿಯಲಾರದ ವಿದ್ಯೆ ಕನ್ನಡದ ತೆರೆಗೆ ಬಂತೆಂದು ಧೈರ್ಯವಾಗಿ ಹೇಳಬಹುದು.